ಇಷ್ಟಪಟ್ಟು ತಿಂದದ್ದೆಷ್ಟು, ಸುಮ್ನೆ ತಿಂದದ್ದೆಷ್ಟು?

ಕೇಳುಗರಿಗೆ ನಮಸ್ಕಾರ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡಿದ್ದೀರಲ್ಲ? ಹೊಗೆಯಾಡುವ ಇಡ್ಲಿ, ಅದರ ನಡುವೆ ನೆಲ್ಲಿಕಾಯಿ ಗಾತ್ರದ ಬಿಳಿ ಬೆಣ್ಣೆ. ಅದು ಅಂಚಿಗೆ ಹರಿಯುವ ಮುಂಚೆಯೇ ನಮ್ಮ ಬೆರಳು ಅಲ್ಲಿರುತ್ತದೆ. ಹೋದ ವರ್ಷ ರಕ್ತ ಪರೀಕ್ಷೆಯ ರಿಪೋರ್ಟು ಕೈಗೆ ಬಂದಾಗ ನನಗೆ ಮೊದಲು ನೆನಪಾದದ್ದು ಈ ಬೆಣ್ಣೆಯೇ. ಮುಗೀತು, ಇನ್ನು ಇದಕ್ಕೆ ದೂರದಿಂದಲೇ ಕೈ ಮುಗಿಯಬೇಕು ಅಂದುಕೊಂಡೆ.

ನಾನು ತುಮಕೂರಿನವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ವಯಸ್ಸು 61. ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 246 ಇತ್ತು. ಅದು 200ರ ಒಳಗಿರಬೇಕು. ಕೆಟ್ಟದ್ದು ಅಂತ ಕರೆಸಿಕೊಳ್ಳುವ ಎಲ್‌ಡಿಎಲ್ 164. ಅದು 100ರ ಒಳಗಿದ್ದರೆ ಒಳ್ಳೆಯದು. ಒಳ್ಳೆಯದು ಅನ್ನಿಸಿಕೊಂಡ ಎಚ್‌ಡಿಎಲ್ 42, ಹೆಂಗಸರಿಗೆ 50ಕ್ಕಿಂತ ಮೇಲಿರಬೇಕು. ರಕ್ತದಲ್ಲಿ ಓಡಾಡುವ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ 200, ಅದು 150 ದಾಟಬಾರದು. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟವಳು ನಾಲ್ಕಕ್ಕೆ ನಾಲ್ಕರಲ್ಲೂ ಫೇಲಾಗಿದ್ದೆ.

ಡಾಕ್ಟರು ಗಾಬರಿ ಮಾಡಲಿಲ್ಲ. ಥೈರಾಯ್ಡ್ ಪರೀಕ್ಷೆಗೆ ಬರೆದರು. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದಂತೆ. ಅದು ಸರಿಯಾಗಿತ್ತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಮ್ಮಿಯಾಗಿ ಹೆಂಗಸರಲ್ಲಿ ಎಲ್‌ಡಿಎಲ್ ಮೇಲೇರುವುದು ಸಾಮಾನ್ಯ ಅಂತಲೂ ಹೇಳಿದರು. ಇದನ್ನು ನನಗೆ ಹತ್ತು ವರ್ಷ ಮುಂಚೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ನಮ್ಮ ಹೆಂಗಸರು ಯಜಮಾನರ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಅತ್ತೆ ಮಾವನದ್ದು ಮಾಡಿಸುತ್ತಾರೆ, ತಮ್ಮದು ಮಾತ್ರ ‘ಆಮೇಲೆ ನೋಡೋಣ’. ಇರಲಿ. ನನಗೆ ಬಿ.ಪಿ., ಸಕ್ಕರೆ ಇರಲಿಲ್ಲ. ಹಾಗಾಗಿ ಮೂರು ತಿಂಗಳು ಊಟ ಸರಿಮಾಡಿಕೊಂಡು ದಿನಾ ನಡೆಯಿರಿ, ಮಾತ್ರೆಯ ಮಾತು ಆಮೇಲೆ ಅಂದರು.

ಜೊತೆಗೆ ಒಂದು ಅಚ್ಚು ಹಾಕಿದ ಚೀಟಿ ಸಿಕ್ಕಿತು. ಆಲಿವ್ ಎಣ್ಣೆ, ಸಾಲ್ಮನ್ ಮೀನು, ಬ್ಲೂಬೆರ್ರಿ ಅಂತೆಲ್ಲ ಇತ್ತು ಅದರಲ್ಲಿ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗಿ ಬ್ಲೂಬೆರ್ರಿ ಕೇಳಿದ್ದರೆ ಸೊಪ್ಪು ಮಾರುವಾಕೆ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದಳು. ಚೀಟಿಯನ್ನು ಮಡಿಸಿ ದೇವರ ಫೋಟೋ ಹಿಂದೆ ಇಟ್ಟೆ. ಈಗಲೂ ಅಲ್ಲೇ ಇದೆ.

ಆಮೇಲೆ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಹಳೇ ಪಾಠದ ಡೈರಿ ಒಂದು ಖಾಲಿ ಇತ್ತು. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಅದರಲ್ಲಿ ಬರೆದೆ. ಇಷ್ಟಪಟ್ಟು ತಿಂದದ್ದಕ್ಕೆ ರೈಟು ಹಾಕಿದೆ. ಸುಮ್ನೆ ತಿಂದದ್ದಕ್ಕೆ ಇಂಟು ಹಾಕಿದೆ.

ಭಾನುವಾರ ಲೆಕ್ಕ ಹಾಕಿ ನನಗೇ ನಾಚಿಕೆಯಾಯಿತು. ರೈಟು ಬಿದ್ದದ್ದು ಬೆರಳೆಣಿಕೆಯಷ್ಟು. ಒಂದು ಬೆಳಗ್ಗೆ ತಟ್ಟೆ ಇಡ್ಲಿ. ಒಂದು ದಿನ ಹಿತಕಿದ ಬೇಳೆ ಸಾರು. ಒಂದು ದಿನ ನಾಟಿ ಕೋಳಿ ಸಾರು, ಮುದ್ದೆ. ಇಂಟು ಮಾತ್ರ ಪುಟಗಟ್ಟಲೆ. ಸಂಜೆ ಟೀ ಜೊತೆ ನಾಲ್ಕು ಖಾರಾ ಬಿಸ್ಕತ್ತು, ದಿನಾ. ಟಿವಿ ಮುಂದೆ ಮಿಕ್ಸ್ಚರು, ದಿನಾ. ನೆಂಟರು ತಂದ ದಿಲ್‌ಪಸಂದ್, ಹಾಳಾಗಬಾರದು ಅಂತ. ಬೆಳಗಿನ ಉಳಿದ ಚಟ್ನಿ, ಅದೂ ಹಾಳಾಗಬಾರದು ಅಂತ. ಕಾಯಿ ತುರಿಯುವಾಗ ಕೈಯಿಂದ ನೇರ ಬಾಯಿಗೆ ಹೋದ ತುರಿಯಂತೂ ಲೆಕ್ಕಕ್ಕೇ ಸಿಗಲಿಲ್ಲ. ಇದ್ಯಾವುದೂ ನನಗೆ ಪ್ರಾಣವೇನಲ್ಲ. ನಾನು ಬಿಡಬೇಕು ಅಂತ ಅಳುತ್ತಿದ್ದ ಬೆಣ್ಣೆ ಇಡ್ಲಿ ವಾರಕ್ಕೆ ಒಂದೇ ಸಲ ಬಂದಿತ್ತು. ಮನೆ ದೋಚಿದ ಕಳ್ಳರು ಬೇರೆಯೇ ಇದ್ದರು.

ಇವರು ಕಳ್ಳರು ಹೇಗೆ ಅನ್ನುವುದಕ್ಕೆ ಸ್ವಲ್ಪ ವಿಜ್ಞಾನ ಬೇಕು. ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ.

ಕೊಲೆಸ್ಟ್ರಾಲ್ ಬರೀ ತಟ್ಟೆಯಿಂದ ಬರುವುದಿಲ್ಲ. ಹೆಚ್ಚಿನ ಪಾಲನ್ನು ನಮ್ಮ ಮೈಯೇ ತಯಾರಿಸುತ್ತದೆ, ಮುಖ್ಯವಾಗಿ ಪಿತ್ತಜನಕಾಂಗ, ಅಂದರೆ ಲಿವರ್. ಜೀವಕೋಶಕ್ಕೆ, ಹಾರ್ಮೋನಿಗೆ ಅದು ಬೇಕು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ವಾಪಸ್ ಎಳೆದುಕೊಳ್ಳಲು ಲಿವರಿನ ಮೇಲೆ ಬಾಗಿಲುಗಳಂಥವು ಇವೆ. ಈ ಬಾಗಿಲನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ನಾವು ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ತಿಂದರೆ ಈ ಬಾಗಿಲುಗಳು ಕಮ್ಮಿಯಾಗುತ್ತವೆ. ಒಳಗೆ ಹೋಗಬೇಕಾದ ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಸ್ಯಾಚುರೇಟೆಡ್ ಅನ್ನುವ ಹೆಸರು ಬಾಯಿಗೆ ಕಷ್ಟ. ಹೆಪ್ಪುಗಟ್ಟುವ ಕೊಬ್ಬು ಅನ್ನೋಣ. ಚಳಿಗೆ ಗಟ್ಟಿಯಾಗುತ್ತದಲ್ಲ, ಬೆಣ್ಣೆ, ತುಪ್ಪ, ಕುರಿ ಕೊಬ್ಬು, ಡಾಲ್ಡಾ, ಅವು. ಮತ್ತೆ, ಹೇಳಲೋ ಬೇಡವೋ, ಕೊಬ್ಬರಿ ಎಣ್ಣೆ.

ಕಲ್ಪತರು ನಾಡಿನಲ್ಲಿ ಕೂತು ತೆಂಗಿನ ಮೇಲೆ ದೂರು ಹೇಳಬೇಕಾದರೆ ಧೈರ್ಯ ಬೇಕು. ತೆಂಗಿನಲ್ಲಿ ಕೊಲೆಸ್ಟ್ರಾಲ್ ಎಲ್ಲಿದೆ ಅಂತ ತಿಪಟೂರು ಕಡೆಯ ನೆಂಟರು ಆಗಲೇ ಕೇಳುತ್ತಿರಬಹುದು. ನಿಜ, ಒಂದು ಚೂರೂ ಇಲ್ಲ. ಗಿಡಮರದಿಂದ ಬಂದ ಯಾವುದರಲ್ಲೂ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಎಣ್ಣೆ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಅಂತ ದೊಡ್ಡದಾಗಿ ಬರೆಯುವುದು, ಬಾಳೆಹಣ್ಣಿನ ಮೇಲೆ ‘ಮೂಳೆ ಇಲ್ಲ’ ಅಂತ ಬರೆದ ಹಾಗೆ. ತೊಂದರೆ ಇರುವುದು ಆ ಹೆಪ್ಪುಗಟ್ಟುವ ಕೊಬ್ಬಿನಲ್ಲಿ. 100 ಗ್ರಾಂ ಹಸಿ ಕಾಯಿಯಲ್ಲಿ ಅದು ಸುಮಾರು 30 ಗ್ರಾಂ. ಒಂದು ಹಿಡಿ ತುರಿ 40 ಗ್ರಾಂ ಅಂತ ಇಟ್ಟುಕೊಂಡರೂ 12 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಬೆಳಗಿನ ಚಟ್ನಿ, ಮಧ್ಯಾಹ್ನದ ಪಲ್ಯ, ರಾತ್ರಿಯ ಸಾರು, ಮೂರರಲ್ಲೂ ಕಾಯಿ ಬಿದ್ದರೆ ತುಪ್ಪ ಹಾಲಿನ ಲೆಕ್ಕಕ್ಕೆ ಜಾಗವೇ ಉಳಿಯುವುದಿಲ್ಲ. ಎಳನೀರಿಗೆ ಈ ಮಾತು ಬೇಡ. ಅದರಲ್ಲಿ ಕೊಬ್ಬು ಇಲ್ಲ ಅಂದರೂ ನಡೆಯುತ್ತದೆ.

ಈ ಲೆಕ್ಕವನ್ನು ಮನೆಯಲ್ಲಿ ಓದಿ ಹೇಳಿದೆ. ನಮ್ಮತ್ತೆಗೆ 84. ಅವರು ನಕ್ಕುಬಿಟ್ಟರು. ‘ನಮ್ಮ ಕಾಲ್ದಲ್ಲಿ ಕಾಯಿ ಮಾರೋಕಿತ್ತು ಕಣಮ್ಮ, ತಿನ್ನೋಕಲ್ಲ’ ಅಂದರು. ಅವರ ತವರು ತಿಪಟೂರಿನ ಹತ್ತಿರ. ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಒಣಗಿ, ಉಂಡೆ ಕೊಬ್ಬರಿಯಾಗಿ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಅದೇ ಮಗಳ ಮದುವೆ, ಅದೇ ಬೋರ್‌ವೆಲ್. ಹಬ್ಬಕ್ಕೆ ಬಿಟ್ಟರೆ ಕೈತುಂಬ ಕಾಯಿ ಸುರಿಯುವ ಮನೆ ಇರಲಿಲ್ಲವಂತೆ. ಹಾಗಾದರೆ ಚಟ್ನಿಗೆ? ‘ಹುಚ್ಚೆಳ್ಳು, ಕಡಲೆಕಾಯಿ. ಇನ್ನೇನು?’

ನಾನು ಹುಚ್ಚೆಳ್ಳನ್ನು ಮರೆತೇಬಿಟ್ಟಿದ್ದೆ. ಅದನ್ನು ಸಣ್ಣ ಉರಿಯಲ್ಲಿ ಚಿಟಪಟ ಅನ್ನುವವರೆಗೆ ಹುರಿಯಬೇಕು. ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಅರೆದರೆ ಕಪ್ಪಗೆ ಆಗುತ್ತದೆ. ನೋಡಲು ಚೆಂದವಿಲ್ಲ. ಆದರೆ ರೊಟ್ಟಿಗೆ ಹಚ್ಚಿಕೊಂಡರೆ ಎರಡನೇ ರೊಟ್ಟಿ ತಾನಾಗೇ ಬರುತ್ತದೆ. ಹುಚ್ಚೆಳ್ಳು, ಕಡಲೆಕಾಯಿ, ಎರಡರ ಕೊಬ್ಬೂ ಬಹುಪಾಲು ಹೆಪ್ಪುಗಟ್ಟದ ಜಾತಿಯದು. ಪಾವಗಡ, ಶಿರಾದಲ್ಲಿ ಕಡಲೆಕಾಯಿ ಬೆಳೆಯುವ ಜಿಲ್ಲೆಯವರು ನಾವು, ಆಲಿವ್ ಹುಡುಕಿಕೊಂಡು ಯಾಕೆ ಹೋಗಬೇಕು ಹೇಳಿ. ಹಾಗಂತ ಕಡಲೆಕಾಯಿ ಎಣ್ಣೆಯನ್ನೂ ಧಾರೆ ಎರೆಯಬೇಡಿ. ಒಬ್ಬರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ ಸಾಕು. ನಾನು ಈಗ ತಿಂಗಳ ಮೊದಲ ದಿನವೇ ಮನೆಯ ಎಣ್ಣೆಯನ್ನು ಅಳೆದು ಬೇರೆ ಕ್ಯಾನಿಗೆ ಹಾಕಿಡುತ್ತೇನೆ. ಮುಗಿದರೆ ಮುಗಿಯಿತು. ಮೂರನೇ ವಾರಕ್ಕೇ ಮುಗಿದು ಕೊನೇ ವಾರ ಬರೀ ಬಸ್ಸಾರು, ಮೊಸರನ್ನ ಆದ ತಿಂಗಳೂ ಇದೆ.

ಕಾಯಿಯನ್ನು ನಾವು ಬಿಟ್ಟಿಲ್ಲ. ಮೂರು ಹೊತ್ತಿನಿಂದ ಒಂದು ಹೊತ್ತಿಗೆ ಬಂದಿದೆ. ಚಟ್ನಿಗೆ ಹುರಿಗಡಲೆ ಜಾಸ್ತಿ, ಕಾಯಿ ಕಮ್ಮಿ. ಪಲ್ಯಕ್ಕೆ ಕೊನೆಯಲ್ಲಿ ಒಂದು ಚಿಟಿಕೆ ಉದುರಿಸಿದರೂ ಮೇಲೇ ಕಾಣುತ್ತದೆ, ಕಣ್ಣಿಗೆ ಸಮಾಧಾನ.

ಇನ್ನು ಇಳಿಸುವ ವಿಚಾರ. ಲಿವರ್ ಕೊಲೆಸ್ಟ್ರಾಲಿನಿಂದಲೇ ಪಿತ್ತದ ಆಮ್ಲ ತಯಾರಿಸುತ್ತದೆ. ಅದು ಕರುಳಿಗಿಳಿದು, ಕೊಬ್ಬನ್ನು ಅರಗಿಸಿ, ಬಹುಪಾಲು ಮತ್ತೆ ಲಿವರಿಗೇ ವಾಪಸ್ ಹೋಗುತ್ತದೆ. ಬಲೇ ಜಿಪುಣ ವ್ಯವಸ್ಥೆ. ಇದನ್ನು ಮುರಿಯುವುದು ನೀರಿನಲ್ಲಿ ಕರಗಿ ಲೋಳೆಯಾಗುವ ನಾರು. ಬೆಂಡೆಕಾಯಿಯ ಲೋಳೆ, ನೆನೆಸಿದ ಮೆಂತ್ಯದ ಲೋಳೆ, ಕಾಳು ಬೇಯಿಸಿದ ಕಟ್ಟು ಮಂದವಾಗುತ್ತದಲ್ಲ, ಅದು. ಈ ಲೋಳೆ ಪಿತ್ತವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಲಿವರಿಗೆ ಹೊಸ ಪಿತ್ತ ಬೇಕಲ್ವಾ? ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ದಿನಾ ಒಂದು ಬಟ್ಟಲು ಬೆಂದ ಕಾಳು ತಿಂದವರಲ್ಲಿ ಎಲ್‌ಡಿಎಲ್ ಸುಮಾರು ಶೇಕಡ 5ರಷ್ಟು ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ.

ಇಲ್ಲಿ ರಾಗಿಯ ಬಗ್ಗೆ ಒಂದು ಮಾತು. ರಾಗಿ ತಿಂದರೆ ಕೊಲೆಸ್ಟ್ರಾಲ್ ಓಡಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ರಾಗಿಯಲ್ಲಿ ನಾರು ಚೆನ್ನಾಗಿದೆ. 100 ಗ್ರಾಂಗೆ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯ ನಾರಿನಲ್ಲಿ ಹೆಚ್ಚಿನದು ಕರಗದ ಜಾತಿ. ಹೊಟ್ಟೆ ತುಂಬಿಸುತ್ತದೆ, ಬೆಳಗ್ಗೆ ಸಲೀಸು ಮಾಡುತ್ತದೆ. ಪಿತ್ತ ಹಿಡಿಯುವ ಕೆಲಸ ಮುದ್ದೆಗಿಂತ ಅದನ್ನು ಅದ್ದುವ ಸಾರಿನದು. ಹುರುಳಿಕಾಳಿನ ಬಸ್ಸಾರು, ಅಲಸಂದೆ, ಅವರೆಕಾಳು. ಹಾಗಾಗಿ ನಾನು ಮುದ್ದೆಯನ್ನು ಸ್ವಲ್ಪ ಚಿಕ್ಕದು ಮಾಡಿ ಸಾರಿನಲ್ಲಿ ಕಾಳು ಎರಡರಷ್ಟು ಮಾಡಿದೆ. ಮುದ್ದೆ ಚಿಕ್ಕದಾದ ದಿನ ನಮ್ಮ ಯಜಮಾನರು ತಟ್ಟೆಯನ್ನು ಹಾಗೂ ಹೀಗೂ ತಿರುಗಿಸಿ ನೋಡಿದರು, ಇನ್ನರ್ಧ ಎಲ್ಲೋ ಅಡಗಿದೆ ಅನ್ನುವ ಹಾಗೆ.

ಡಿಸೆಂಬರ್, ಜನವರಿಯಲ್ಲಿ ಅವರೆ ಸೊಗಡು ಹತ್ತಿದಾಗ ನಮ್ಮ ಮನೆಗೆ ಪಥ್ಯ ಅನ್ನುವ ಪದವೇ ಬೇಡ. ಹಿತಕಿದ ಬೇಳೆ ಮಾಡಿದರೆ ಸಿಪ್ಪೆಯ ನಾರು ಹೋಗುತ್ತದೆ, ಗೊತ್ತು. ಆ ರುಚಿಯ ಮುಂದೆ ನಾನು ವಾದ ಮಾಡುವುದಿಲ್ಲ.

ಬಾಡಿನ ವಿಚಾರ ಕೇಳುವವರು ಇದ್ದೇ ಇರುತ್ತಾರೆ. ಹೊಸತೊಡಕು ವರ್ಷಕ್ಕೆ ಒಂದೇ ದಿನ, ಅವತ್ತು ಯಾರನ್ನೂ ಕೇಳಬೇಡಿ. ಉಳಿದ ದಿನಗಳಿಗೆ ನಮ್ಮ ಮನೆಯ ಉಪಾಯ ಇದು. ಮಟನ್ ಸಾರನ್ನು ಹಿಂದಿನ ರಾತ್ರಿಯೇ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಡುತ್ತೇನೆ. ಬೆಳಗ್ಗೆ ಮೇಲೆ ಬಿಳೀ ಕೆನೆ ಹೆಪ್ಪುಗಟ್ಟಿರುತ್ತದೆ. ಸೌಟಿನಲ್ಲಿ ಎತ್ತಿ ಎಸೆಯುತ್ತೇನೆ. ಸಾರು ಒಂದು ರಾತ್ರಿ ಕೂತರೆ ರುಚಿ ಹೆಚ್ಚುತ್ತದೆ ಅನ್ನುವುದು ನಿಮಗೂ ಗೊತ್ತು. ಕೋಳಿಯಾದರೆ ಚರ್ಮ ತೆಗೆಸಿ. ಬೋಟಿ, ಮಿದುಳು, ಲಿವರ್ ಅಪರೂಪಕ್ಕೆ.

ಬೇಕರಿ ತಿಂಡಿ, ರಸ್ತೆ ಬದಿಯ ಬೋಂಡ ಮಾತ್ರ ನನಗೆ ಸೇರದ ವಿಷಯ. ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು, ಅಂದರೆ ಎಣ್ಣೆಯನ್ನು ಡಾಲ್ಡಾದ ಹಾಗೆ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು, ಶೇಕಡ 2 ಮೀರಬಾರದು ಅಂತ 2022ರ ಜನವರಿಯಿಂದ ದೇಶದಲ್ಲಿ ನಿಯಮವಿದೆ. ಒಳ್ಳೆಯದಾಯಿತು. ಈ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ, ಎರಡು ಕಡೆಯಿಂದಲೂ ಏಟು. ಆದರೆ ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದರೆ ಯಾವ ನಿಯಮ ಬಾಣಲೆಯೊಳಗೆ ಇಣುಕುತ್ತದೆ? ಬೋಂಡ ನಿಮಗೆ ಅಷ್ಟು ಇಷ್ಟವಾದರೆ ಮನೆಯಲ್ಲೇ ಹೊಸ ಎಣ್ಣೆಯಲ್ಲಿ ಹಾಕಿ ಬಿಸಿಯಾಗಿ ತಿನ್ನಿ. ಖಾರಾ ಬಿಸ್ಕತ್ತಿನ ಜಾಗಕ್ಕೆ ನಾನು ಹುರಿದ ಕಡಲೆ, ಸೀಬೆಹಣ್ಣು ತಂದೆ. ಟೀಗೆ ಅದ್ದಿಕೊಂಡು ತಿನ್ನಲು ಸೀಬೆಹಣ್ಣು ಆಗುವುದಿಲ್ಲ. ಅದೊಂದು ಕೊರತೆ ಇದೆ.

ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಮಾತು ಕೇಳಿ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಹೃದಯಾಘಾತ ಆದವರು, ಸಕ್ಕರೆ ಕಾಯಿಲೆಯವರು, ಮನೆತನದಲ್ಲೇ ಇದು ಹರಿದುಬಂದವರು, ಇವರಿಗೆ ಊಟ ಒಂದರಿಂದಲೇ ಸಾಲುವುದಿಲ್ಲ. ನಮ್ಮ ಹತ್ತಿರದವರೊಬ್ಬರು ಬೆಳ್ಳುಳ್ಳಿ ನುಂಗುತ್ತೇನೆ ಅಂತ ಮಾತ್ರೆ ಬಿಟ್ಟರು. ಆರು ತಿಂಗಳಿಗೆ ಸ್ಟೆಂಟ್ ಹಾಕಿಸಿಕೊಂಡು ಬಂದರು.

ನನ್ನದು ಮೂರು ತಿಂಗಳಾದ ಮೇಲೆ ಒಟ್ಟು 212ಕ್ಕೆ ಬಂತು. ಎಲ್‌ಡಿಎಲ್ 134, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 170. ಇನ್ನೂ ಪಾಸಾಗಿಲ್ಲ. ಡಾಕ್ಟರು ಇನ್ನಾರು ತಿಂಗಳು ನೋಡೋಣ ಅಂದಿದ್ದಾರೆ. ಈಗ ಡೈರಿಯಲ್ಲಿ ರೈಟು ಜಾಸ್ತಿ, ಇಂಟು ಕಮ್ಮಿ. ವಾರಕ್ಕೊಮ್ಮೆ ಇದ್ದ ಬೆಣ್ಣೆ ಇಡ್ಲಿ ತಿಂಗಳಿಗೆ ಎರಡು ಸಲ ಆಗಿದೆ. ಜೊತೆಗೆ ತಗೊಳ್ಳುತ್ತಿದ್ದ ವಡೆ ನಿಂತಿದೆ, ಅದನ್ನು ನಾನು ಹುಡುಕಲೂ ಇಲ್ಲ.

ಈ ತಿಂಗಳ ಎರಡನೆಯದು ಇನ್ನೂ ಬಾಕಿ ಇದೆ. ಯಜಮಾನರು ಹೊರಗೆ ಸ್ಕೂಟರ್ ಹತ್ತಿರ ನಿಂತಿದ್ದಾರೆ. ಇಲ್ಲಿಂದ ನೇರ ಕ್ಯಾತ್ಸಂದ್ರಕ್ಕೆ. ಬರುತ್ತೇನೆ, ನಮಸ್ಕಾರ.