ಫಕೀರಪ್ಪನ ಹಬ್ಬ

ಎಲ್ಲಾರ್ಗೂ ನಮಸ್ಕಾರ್ರೀ. ನಾನು ಮೂಲ ಗದಗ ಕಡಿಯಾಂವ, ಗೋವಾದ ಮಾಪ್ಸಾಕ್ಕ ಬಂದು 18 ವರ್ಷ ಆತು, ಟೈಲ್ಸ್ ಕೂಡ್ಸೋ ಕೆಲಸ.

ಬಂದ ಹೊಸದ್ರಾಗ ರೂಮ್ ಹುಡುಕ್ಕೋತ ಒಬ್ರು ಕ್ರಿಶ್ಚಿಯನ್ ಆಂಟಿ ಮನಿಗೆ ಹೋದೆ. ವೋಟರ್ ಕಾರ್ಡ್ ಕೇಳಿದ್ರು. ಅದ್ರಾಗ ಅಪ್ಪನ ಹೆಸರು ಫಕೀರಪ್ಪ, ನನ್ನ ಹಣಿ ಮ್ಯಾಲೆ ನೋಡಿದ್ರ ವಿಭೂತಿ. ಆಂಟಿ ಕಾರ್ಡ್ ನೋಡ್ತಾರ, ನನ್ನ ಮಾರಿ ನೋಡ್ತಾರ, ಮತ್ತ ಕಾರ್ಡ್ ನೋಡ್ತಾರ. ಕಡೀಕ ಹಿಂದ್ಯಾಗ ಕೇಳಿದ್ರು, "ಬಾಬಾ, ನೀ ಹಿಂದೂನೋ ಮುಸಲ್ಮಾನನೋ?"

ಹೇಳಿದೆ. ನಮ್ಮಜ್ಜಿಗೆ ಮಕ್ಕಳು ಉಳೀತಿರ್ಲಿಲ್ಲಂತ, ಮೊಹರಂದಾಗ ಕೂಡಸೋ ಅಲಾಯಿ ದೇವ್ರಿಗೆ ಹರಕಿ ಹೊತ್ಲು, ಹುಟ್ಟಿದ ಕೂಸಿಗೆ ಫಕೀರಪ್ಪ ಅಂತ ಹೆಸರಿಟ್ಲು. ನಮ್ಮ ಕಡೆ ಇಂಥ ಹೆಸರು ಓಣಿಗೊಂದು ಸಿಗ್ತಾವ. ಮೊಹರಂ ಅಂದ್ರ 680ನೇ ಇಸ್ವಿಯಾಗ ಕರ್ಬಲಾದಾಗ ಮಡಿದ ಪೈಗಂಬರರ ಮೊಮ್ಮಗ ಇಮಾಮ ಹುಸೇನರ ದುಃಖದ ದಿನ, ಆದ್ರ ಮುಸ್ಲಿಮರ ಒಂದ್ ಮನಿನೂ ಇಲ್ಲದ ಊರಾಗ ಸೈತ ಮೊಹರಂ ಬಂದ್ರ ದೇವ್ರು ಕೂಡಸ್ತಾರ, ಕುಣಿ ತೋಡಿ ಬೆಂಕಿ ಹಾಕ್ತಾರ, ಹುಡುಗ್ರು ಹೆಜ್ಜಿ ಹಾಕ್ತಾರ, ಲಿಂಗಾಯತ್ರು ಕುರುಬ್ರು ಕೂಡಿ ಕರ್ಬಲಾದ ಕಥಿ ಹೇಳೋ ರಿವಾಯತ್ ಪದ ಹಾಡ್ತಾರ, ಮನಿಮನ್ಯಾಗ ಚೊಂಗೆ ಅನ್ನೋ ಸಿಹಿ ಮಾಡ್ತಾರ.

ಆಂಟಿ ನಕ್ಕು ರೂಮಿನ ಕೀಲಿ ಕೊಟ್ರು. ಅಡ್ವಾನ್ಸ್ ಮಾತ್ರ ಒಂದ್ ರೂಪಾಯಿ ಬಿಡ್ಲಿಲ್ಲ.

ಈಸ್ಟರ್ ಆದ ಮ್ಯಾಲೆ ಮಿಲಾಗ್ರಿಸ್ ಸಾಯಬಿಣ್, ಅಂದ್ರ ಪವಾಡದ ಮೇರಿ ತಾಯಿ, ಹಬ್ಬಕ್ಕ ಅವ್ರ ನನ್ನ ಕರ್ಕೊಂಡು ಹೋದ್ರು. ಸೇಂಟ್ ಜೆರೋಮ್ ಚರ್ಚಿನಾಗ ಮೇರಿ ತಾಯಿ ಮೂರ್ತಿ, ಎಣ್ಣಿ ಬಾಟ್ಲಿ ಹಿಡ್ಕೊಂಡು ಹಿಂದೂಗಳೂ ಪಾಳೀಗೆ ನಿಂತಾರ. ಶಿರಗಾಂವದಾಗ ಲಯರಾಯಿ ದೇವಿ ಅದಾಳಲ್ಲ, ಬೆಂಕಿ ಮ್ಯಾಲೆ ಭಕ್ತರು ನಡೀತಾರ ನೋಡ್ರಿ, ಆ ದೇವಿ ಈ ಸಾಯಬಿಣಿಗೆ ಅಕ್ಕ ಅಂತ. ಏಳು ಮಂದಿ ಅಕ್ಕತಂಗೇರೊಳಗ ಒಬ್ಬಾಕಿ ಇಲ್ಲಿ ಉಳದು ಮಿಲಾಗ್ರಿಸ್ ಆದ್ಲು ಅಂತ ಇಲ್ಲಿ ಹಳೇ ಮಂದಿ ಹೇಳ್ತಾರ. ಹಬ್ಬಕ್ಕ ಅಲ್ಲಿಂದ ಇಲ್ಲಿಗೆ ಎಣ್ಣಿ, ಇಲ್ಲಿಂದ ಅಲ್ಲಿಗೆ ಮಲ್ಲಿಗಿ ಹೂವು ಕಳಸ್ತಿದ್ರಂತ.

ಎಲ್ಲಾ ದೇವ್ರು ಒಂದೇ ಅಂತ ಸ್ಟೇಜ್ ಮ್ಯಾಲೆ ಹೇಳ್ತಾರಲ್ರೀ, ನನಗ ಆ ಮಾತು ಅಷ್ಟೇನು ಹಿಡಸಂಗಿಲ್ಲ. ಅಕ್ಕತಂಗೇರು ಒಂದೇ ಎಲ್ಲಿರ್ತಾರ? ಬ್ಯಾರೆ ಬ್ಯಾರೆ ಮನಿಗೆ ಕೊಟ್ಟಿರ್ತೀವಿ, ಅಡಗಿ ಬ್ಯಾರೆ, ನಡಾವಳಿ ಬ್ಯಾರೆ, ಆದ್ರ ಹಬ್ಬಕ್ಕ ಬುತ್ತಿ ಕಳಸೋದು ತಪ್ಪಸಂಗಿಲ್ಲ. ಅವತ್ತು ಪೂಜಿ ನಡದಾಗ ಎಲ್ಲಾರೂ ಎದ್ದು ಪ್ರಸಾದಕ್ಕ ಹೊಂಟ್ರು ಅಂತ ನಾನೂ ಎದ್ದೆ. ಆಂಟಿ ಅಂಗಿ ಹಿಡದು ಜಗ್ಗಿದ್ರು, "ಅದು ನಿನಗಲ್ಲ, ಕೂಡು." ಒಂದ್ ಕ್ಷಣ ಮಾರಿ ಕೆಂಪಾತು ಖರೆ, ಆದ್ರ ಬ್ಯಾಸರಾಗ್ಲಿಲ್ಲ, ಯಾಕಂದ್ರ ನನ್ನ ಕೊಳ್ಳಾಗಿನ ಲಿಂಗಾನೂ ನಾ ಯಾರ ಕೈಯಾಗೂ ಕೊಡಂಗಿಲ್ಲ, ಅದನ್ನ ಆಂಟಿ ಒಮ್ಮೆನೂ ಮುಟ್ಟಿ ನೋಡಾಕ ಕೇಳಿಲ್ಲ.

ಮೊಹರಂಗೆ ಊರಿಗೆ ಹೋದ್ರ ಅವ್ರಿಗಂತ ಚೊಂಗೆ ತರ್ತೀನಿ. ಶುಗರ್ ಐತಿ ಅಂತ ಮಗಳು ಬೈತಾಳ, ಆದ್ರೂ ಕದ್ದು ಎರಡು ತಿಂತಾರ. ಹೋದ ವರ್ಷ ಸೈಟಿನ ಕೆಲಸ ಮುಗೀಲಿಲ್ಲಂತ ಊರಿಗೆ ಹೋಗ್ಲಿಲ್ಲ. ಒಂದಿನ ಸಂಜೀಕ ಬಾಗಲಾಗ ಬಂದು ನಿಂತ್ರು.

"ಬಾಬಾ, ಫಕೀರಪ್ಪನ ಹಬ್ಬ ಈ ವರ್ಷ ಬರ್ಲಿಲ್ಲೇನು?"