ಹಸ್ಕಿ ಬೇಡ ಎಂದದ್ದಕ್ಕೆ ಮಗಳು ಎರಡು ದಿನ ಮಾತು ಬಿಟ್ಟಳು

ನಮಸ್ಕಾರ. ದೃಶ್ಯದಲ್ಲಿ ನನ್ನ ತಲೆ ಅರ್ಧವೇ ಕಾಣುತ್ತಿದ್ದರೆ ಬೈಯಬೇಡಿ, ಕ್ಯಾಮೆರಾ ಹಿಡಿದವಳು ಒಂಬತ್ತು ವರ್ಷದ ನನ್ನ ಮಗಳು. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವಳಿಗೆ ಬೇಕಾಗಿದ್ದದ್ದು ನೀಲಿ ಕಣ್ಣಿನ ಹಸ್ಕಿ ನಾಯಿ. ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯುವುದಕ್ಕೆಂದು ಬೆಳೆದ ತಳಿ ಅದು, ಮೈಮೇಲೆ ಎರಡು ಪದರ ಕೂದಲು. ಅದನ್ನು ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ತಂದು ಕಟ್ಟಿಹಾಕುವುದು ಯಾವ ನ್ಯಾಯ? ಏಸಿ ಹಾಕಿಸೋಣ ಎಂದಳು. ಏಸಿ ಹಾಕಿಸುವುದಾದರೆ ಆ ಕೋಣೆಯಲ್ಲಿ ನಾನೇ ಮಲಗುತ್ತೇನೆ, ನಾಯಿ ಏಕೆ ಬೇಕು?

ಇದು ನಮ್ಮ ಮನೆ. ಮೂವತ್ತು ನಲವತ್ತರ ಸೈಟು, ಅಂಗಳವಿಲ್ಲ, ಒಂದು ಗೇಟು, ಮೇಲೊಂದು ತಾರಸಿ. ಒಳಗೆ ನಾಲ್ಕು ವರ್ಷದ ಮಗ ಇಡೀ ದಿನ ಓಡುತ್ತಿರುತ್ತಾನೆ, ಅವ್ವ ಕೋಲೂರಿಕೊಂಡು ನಡೆಯುತ್ತಾರೆ. ನಾಯಿ ಮುದ್ದಾಗಿದೆಯೋ ಇಲ್ಲವೋ ಆಮೇಲಿನ ಮಾತು. ಖುಷಿಗೆ ಹಾರಿ ಅವ್ವನನ್ನು ಬೀಳಿಸಬಾರದು, ಅದು ಮೊದಲು. ಮಕ್ಕಳಿಗಾಗಿ ಎಂದು ನಾಯಿ ತರುತ್ತೇವೆ, ಬೆಳಗಿನ ಆರು ಗಂಟೆಗೆ ಬೆಲ್ಟ್ ಹಿಡಿದು ಹೊರಡುವವನು ಯಾರೆಂದು ನನಗೆ ಗೊತ್ತಿದೆ.

ನಾಯಿಮರಿ ಮಾರುವವರ ಈ ಶೆಡ್ ನೋಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ನನ್ನ ಎರಡು ಸಾವಿರ ರೂಪಾಯಿ ಸಮಾಧಿಯಾಗಿದೆ. ಲ್ಯಾಬ್ರಡಾರ್ ಮರಿ 12,000 ಎಂದು ಫೋನಿನಲ್ಲಿ ಹೇಳಿದರು. ಮರಿ ಬೇರೆಯವರ ಪಾಲಾಗದಿರಲಿ ಎಂದು ಎರಡು ಸಾವಿರ ಮುಂಗಡ ಕಳಿಸಿದೆ. ಹೋಗಿ ನೋಡಿದರೆ, ಶುದ್ಧ ತಳಿ ಎಂಬುದಕ್ಕೆ ಪೇಪರ್ ಬೇಕಾದರೆ 18,000. ಸರಿ, ನಾಯಿಗೇನು ಪಾಸ್‌ಪೋರ್ಟ್ ಮಾಡಿಸಬೇಕೇ, ಪೇಪರ್ ಬೇಡ ಎಂದೆ. ಎಷ್ಟು ದಿನದ ಮರಿ ಎಂದು ಕೇಳಿದೆ. 45 ದಿನ ಎಂದರು. ಬಾಯಿ ತೆರೆದು ನೋಡಿದರೆ ಹಿಂದಿನ ಹಲ್ಲುಗಳೇ ಇನ್ನೂ ಸರಿಯಾಗಿ ಮೂಡಿಲ್ಲ. ಹೋಗಲಿ, 45 ಎಂದೇ ಇಟ್ಟುಕೊಳ್ಳೋಣ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರದ ನಿಯಮವೇ ಇದೆ. ಎಂಟು ವಾರ ಎಂದರೆ 56 ದಿನ. ಅವರೇ ಹೇಳಿದ ಸುಳ್ಳಿನ ಲೆಕ್ಕದಲ್ಲೂ ಹನ್ನೊಂದು ದಿನ ಕಡಿಮೆ!

ತಾಯಿ ಎಲ್ಲಿ ಎಂದೆ. ಹೊಲದ ಮನೆಯಲ್ಲಿದೆ ಎಂದರು. ಯಾವ ಹೊಲ? ಉತ್ತರವಿಲ್ಲ. ಮಕ್ಕಳಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ಮರಿಗಳು ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಲೇ ಕಚ್ಚುವುದರ ಮಿತಿ ಕಲಿಯುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ, ಮುಂದಿನ ಸಲ ಇದು ಹಲ್ಲು ಮೆಲ್ಲಗೆ ಊರುತ್ತದೆ. ಆ ಪಾಠ ಮುಗಿಯುವ ಮೊದಲೇ ಎತ್ತಿಕೊಂಡು ಬಂದರೆ ಉಳಿದ ಪಾಠ ನಮ್ಮ ಮಗನ ಕೈಯ ಮೇಲೆ ನಡೆಯುತ್ತದೆ. ಲಸಿಕೆಯ ಪುಸ್ತಕ ಕೇಳಿದೆ, ಇರಲಿಲ್ಲ. ಮುಂಗಡ ಹಿಂತಿರುಗಿಸುವುದಿಲ್ಲ ಎಂಬ ಬೋರ್ಡ್ ಮಾತ್ರ ದೊಡ್ಡ ಅಕ್ಷರಗಳಲ್ಲಿ ಗೋಡೆಯ ಮೇಲಿತ್ತು. ಎರಡು ಸಾವಿರ! ನಲವತ್ತು ರೂಪಾಯಿಯಂತೆ ಐವತ್ತು ಪ್ಲೇಟ್ ಗಿರ್ಮಿಟ್ ಬರುತ್ತಿತ್ತು, ಜೊತೆಗೆ ಮಿರ್ಚಿಯನ್ನೂ ಚೌಕಾಸಿ ಮಾಡಬಹುದಿತ್ತು. ಗಿರ್ಮಿಟ್ ಎಂದಾಗ ನೆನಪಾಯಿತು, ನಮ್ಮ ಓಣಿಯ ಅಂಗಡಿಯವರು ಈಗ ಈರುಳ್ಳಿಯನ್ನು ತೀರಾ ದಪ್ಪಗೆ ಹೆಚ್ಚುತ್ತಿದ್ದಾರೆ... ಇರಲಿ, ದೃಶ್ಯ ಬದಲಾಯಿತು.

ಇದು ಮುಧೋಳ. ಸ್ನೇಹಿತನ ತೋಟ. ಹೋದ ವಿಡಿಯೊದಲ್ಲಿ ಮುಧೋಳ ನಾಯಿ ಮಕ್ಕಳಿರುವ ಮನೆಗೆ ಆಗುವುದೇ ಇಲ್ಲ ಎಂದು ದೊಡ್ಡದಾಗಿ ಹೇಳಿದ್ದೆ. ಆ ಮಾತಿನಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೋಡಿ, ಸ್ನೇಹಿತನ ಮುಧೋಳ ನಾಯಿ ಮಡಚಿಟ್ಟ ಶಾಲಿನಂತೆ ಹೇಗೆ ಮಲಗಿದೆ. ನನ್ನ ಮಗ ಪಕ್ಕದಲ್ಲೇ ಪೀಪಿ ಊದುತ್ತಿದ್ದಾನೆ, ಅದು ಎದ್ದು ಆಚೆ ಹೋಗಿ ಮಲಗಿತು, ಅಷ್ಟೇ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, ಆ ಗತ್ತು ಇದೆ. ಆದರೆ ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಬೇಟೆ ನಾಯಿ ಇದು. ಬೆಕ್ಕು ಕಂಡ ಕ್ಷಣ ಎದ್ದ ವೇಗ ನೋಡಿದಿರಾ? ಬೆಲ್ಟಿನ ಇನ್ನೊಂದು ತುದಿಯಲ್ಲಿ ನನ್ನ ಮಗಳಿದ್ದರೆ ಅವಳೂ ಬೆಕ್ಕಿನ ಹಿಂದೆಯೇ ಹೋಗುತ್ತಿದ್ದಳು. ಹೊಲ ಇರುವವರು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ನಮ್ಮದು ತಾರಸಿ.

ಮತ್ತೆ ಓಣಿಗೆ ಬಂದೆವು. ಬೀದಿನಾಯಿಗಳಿಗೆ ಅನ್ನ ಹಾಕಿ, ಆರೈಕೆ ಮಾಡುವ ಅಕ್ಕ ಒಬ್ಬರು ಎರಡು ಬೀದಿ ಆಚೆ ಇದ್ದಾರೆ. ಈ ಕಂದು ಬಣ್ಣದ ಹೆಣ್ಣುನಾಯಿ ಅವರ ಮನೆಯದು. ವಯಸ್ಸು ಎರಡರ ಆಸುಪಾಸು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ರೇಬಿಸ್ ಲಸಿಕೆ ಆಗಿದೆ, ಪುಸ್ತಕವೂ ಇದೆ. ಮರಿಯೇ ಬೇಕು ಎಂದು ಹಟ ಹಿಡಿದಿದ್ದವನು ನಾನೇ. ಈಗ ಬೆಳೆದ ನಾಯಿಯೇ ವಾಸಿ ಅನ್ನಿಸುತ್ತಿದೆ. ಇನ್ನೆಷ್ಟು ಎತ್ತರ ಆಗುತ್ತದೋ, ಯಾವ ಸ್ವಭಾವ ಬರುತ್ತದೋ ಎಂಬ ಜೂಜಿಲ್ಲ.

ಈಗ ಢಣ್ ಎಂದದ್ದು ಸ್ಟೀಲ್ ತಟ್ಟೆ. ಬೇಕೆಂದೇ ಬೀಳಿಸಿದೆ. ನಾಯಿ ಬೆಚ್ಚಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ಆಮೇಲೆ ತಾನಾಗಿಯೇ ಬಂದು ತಟ್ಟೆಯನ್ನು ಮೂಸಿತು. ನನಗೆ ಬೇಕಾಗಿದ್ದದ್ದು ಇದು. ಬೆಚ್ಚುವುದು ತಪ್ಪಲ್ಲ, ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ತಟ್ಟೆ ಬೀಳುತ್ತವೆ.

ಮಗ ತಬ್ಬಿಕೊಳ್ಳಲು ಹೋದ. ಇಲ್ಲಿ ವಿಡಿಯೊ ನಿಧಾನ ಮಾಡಿದ್ದೇನೆ. ನಾಯಿ ಮುಖ ತಿರುಗಿಸಿತು, ತುಟಿ ನೆಕ್ಕಿತು, ಆಕಳಿಸಿತು. ನಿದ್ದೆ ಬಂದಿದೆ ಎಂದುಕೊಳ್ಳಬೇಡಿ, ನನ್ನನ್ನು ಬಿಡು ಎಂದು ಮರ್ಯಾದೆಯಿಂದ ಹೇಳುತ್ತಿದೆ. ಈ ಮಾತು ಕೇಳಿಸದಿದ್ದರೆ ಮುಂದೆ ಗುರ್ ಎನ್ನುತ್ತದೆ. ಅದಕ್ಕೇ ಅವನಿಗೆ ಹೇಳಿದ್ದೇನೆ: ತಬ್ಬುವಂತಿಲ್ಲ, ತಿನ್ನುವಾಗ ಮತ್ತು ಮಲಗಿದಾಗ ಹತ್ತಿರ ಹೋಗುವಂತಿಲ್ಲ. ನಾಲ್ಕು ವರ್ಷದವನು ನೆನಪಿಟ್ಟುಕೊಳ್ಳುತ್ತಾನೆಯೇ? ಇಲ್ಲ. ಆದ್ದರಿಂದ ದೊಡ್ಡವರಿಲ್ಲದಾಗ ಇಬ್ಬರನ್ನೂ ಒಟ್ಟಿಗೆ ಬಿಡುವುದಿಲ್ಲ.

ಅವ್ವನ ಭಯ ಬೇರೆ, ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್. ಆ ಕಾಲ ಹೋಯಿತು ಅವ್ವ, ಈಗ ತೋಳಿಗೆ ಕೊಡುತ್ತಾರೆ ಎಂದೆ. ನಂಬಲಿಲ್ಲ. ಭಯ ಪೂರ್ತಿ ಸುಳ್ಳೂ ಅಲ್ಲ. ಹಲ್ಲು ಸ್ವಲ್ಪ ತಾಗಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ.

ಸದ್ಯ ಒಂದು ವಾರದ ಮಟ್ಟಿಗೆ ಕರೆತಂದಿದ್ದೇವೆ, ಆಗದಿದ್ದರೆ ಅಕ್ಕ ವಾಪಸ್ ಕರೆದುಕೊಳ್ಳುತ್ತಾರೆ. ಮುಂಗಡವನ್ನೇನೂ ಕೇಳಲಿಲ್ಲ. ಹೆಸರಿಡುವ ಕೆಲಸವನ್ನು ಮಗಳಿಗೆ ಬಿಟ್ಟದ್ದು ನನ್ನ ತಪ್ಪು. ಈಗ ಕೇಳಿಸುತ್ತಿದೆಯಲ್ಲ, ತಾರಸಿಯಿಂದ ಕೂಗುತ್ತಿದ್ದಾಳೆ, ‘ಹಸ್ಕಿ, ಬಾ ಇಲ್ಲಿ!’ ಕಂದು ನಾಯಿ ಬಾಲ ಅಲ್ಲಾಡಿಸಿಕೊಂಡು ಮೆಟ್ಟಿಲು ಹತ್ತುತ್ತಿದೆ. ತಡೆಯಿರಿ, ಮೇಲೆ ಅವ್ವ ಹಪ್ಪಳ ಒಣಹಾಕಿದ್ದಾರೆ, ಹೋಗಬೇಕು.