ಹಾಳೆಯ ಹಿಂಬದಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಟ್ಟದಲ್ಲಿ ಅಜ್ಜನ ಕಾಲದ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಸೆಣಬಿನ ಹುರಿಯಲ್ಲಿ ಬಿಗಿದ ಜಾಗದ ಕಾಗದಗಳ ಕಟ್ಟು. ನಮ್ಮ ಕಡೆ ದಸ್ತಾವೇಜಿಗೆ ಆಧಾರ ಅಂತಲೇ ಹೇಳುವುದು, ಕಾರ್ಡಿನ ಆಧಾರ್ ಬರುವುದಕ್ಕೆ ಎಷ್ಟೋ ಮುಂಚಿನ ಮಾತು ಅದು. ಕಟ್ಟಿನ ಅಡಿಯಲ್ಲಿರುವವು ಕನ್ನಡದವು, ಸೌತ್ ಕೆನರಾ ಜಿಲ್ಲೆ, ಮದ್ರಾಸ್ ಸರ್ಕಾರ ಅಂತೆಲ್ಲ ಮುದ್ರೆ ಇರುವಂಥವು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು, ಹಾಗಾಗಿ ಮೇಲಕ್ಕೆ ಬಂದ ಹಾಗೆ ಮಲಯಾಳ. ತೋಟ ಅದೇ, ಅಡಿಕೆ ಮರದ ಸಾಲೂ ಅದೇ.

ತಮ್ಮನ ಮಗ ಬುದ್ಧಿವಂತ. ಗೆದ್ದಲು ಹಿಡಿದರೆ ಕಷ್ಟ ಅಂತ ಇಡೀ ಕಟ್ಟನ್ನು ಪೇಟೆಯ ಒಂದು ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ಪೆನ್ ಡ್ರೈವಿನಲ್ಲಿ ಹಾಕಿ ತಂದ. ಸ್ಕ್ಯಾನ್ ಮಾಡುವವರು ಸುಲಭ ಆಗಲಿ ಅಂತ ಹುರಿ ಬಿಚ್ಚಿ, ಹಾಳೆಗಳನ್ನು ಅಳತೆ ಪ್ರಕಾರ ದೊಡ್ಡದು, ಸಣ್ಣದು ಅಂತ ಬೇರೆ ಮಾಡಿದ್ದರು. ಆಮೇಲೆ ಒಂದು ಗಡಿ ತಕರಾರು ಬಂತು. ವಕೀಲರು ಕಂಪ್ಯೂಟರಿನಲ್ಲಿ ಒಂದೊಂದೇ ನೋಡಿದರು. "ಎಲ್ಲ ಸರಿ, ಹಿಂಬದಿ ಎಲ್ಲಿ?" ಅಂತ ಕೇಳಿದರು. ಛಾಪಾ ಕಾಗದ ಯಾರು ಮಾರಿದ್ದು, ಯಾವ ದಿನ, ಯಾವ ನಂಬ್ರ, ರಿಜಿಸ್ಟ್ರಿ ಮಾಡಿದಾಗ ಯಾರು ಹೆಬ್ಬೆಟ್ಟು ಒತ್ತಿದ್ದು, ಇದೆಲ್ಲ ಇರುವುದು ಹಾಳೆಯ ಬೆನ್ನಲ್ಲಿ ಅಲ್ವಾ? ಅದನ್ನು ಸ್ಕ್ಯಾನ್ ಮಾಡಿಯೇ ಇರಲಿಲ್ಲ. ಪುಣ್ಯಕ್ಕೆ ಮೂಲ ಕಾಗದಗಳು ಮನೆಯಲ್ಲಿದ್ದವು.

ಆಗ ನನಗೆ ನೆನಪಾದದ್ದು ದಾಖಲೆ ಕಾಪಾಡುವ ಶಾಸ್ತ್ರದ ವಿದ್ವಾಂಸೆ ಲುಚಿಯಾನಾ ದುರಾಂತಿ. ನಾನು ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದವನು, ಇವರ ಬರಹಗಳನ್ನು ಆಗಾಗ ಓದುತ್ತಿದ್ದೆ. ಇಟಲಿಯವರು, 1987ರಲ್ಲಿ ಕೆನಡಾಕ್ಕೆ ಹೋಗಿ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅವರು ಜೀವನವಿಡೀ ಹಿಡಿದುಕೊಂಡ ಪ್ರಶ್ನೆ ಒಂದೇ: ಒಂದು ಕಾಗದವನ್ನು ನಾವು ಯಾಕೆ ನಂಬುತ್ತೇವೆ? ಆ ಕಾಗದ ಕಂಪ್ಯೂಟರಿನೊಳಗೆ ಹೋದರೆ ಆ ನಂಬಿಕೆ ಏನಾಗುತ್ತದೆ?

ಅವರು ಹೊರಟದ್ದು ಕಂಪ್ಯೂಟರಿನಿಂದ ಅಲ್ಲ, ಇದು ನನಗೆ ತುಂಬಾ ಇಷ್ಟ. ಹೊರಟದ್ದು ಹದಿನೇಳನೇ ಶತಮಾನದ ಒಂದು ಜಗಳದಿಂದ. ಫ್ರಾನ್ಸಿನ ಮಠಗಳ ಹಳೇ ದಾನಪತ್ರಗಳು ಸುಳ್ಳು ಅಂತ ಒಬ್ಬ ಪಾದ್ರಿ ಬರೆದ. ಮಬಿಯೋಂ ಎಂಬ ಇನ್ನೊಬ್ಬ ಸನ್ಯಾಸಿ ಬೈದಾಡಲು ಹೋಗಲಿಲ್ಲ. ಶಾಯಿ, ಅಕ್ಷರ, ಮುದ್ರೆ, ತಾರೀಕು ಹಾಕುವ ರೀತಿ, ಸಾಕ್ಷಿಗಳ ಸಹಿ ಎಲ್ಲ ನೋಡಿ ಅಸಲು ಯಾವುದು, ನಕಲಿ ಯಾವುದು ಅಂತ ಹೇಳುವ ವಿದ್ಯೆಯನ್ನೇ 1681ರಲ್ಲಿ ಬರೆದಿಟ್ಟ. ನಮ್ಮ ಊರ ಜಾಗದ ತಕರಾರಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ! ಆ ಹಳೇ ವಿದ್ಯೆಯನ್ನು ಇಮೇಲಿಗೆ, ಡೇಟಾಬೇಸಿಗೆ ತಂದು ಹಚ್ಚಿದವರು ದುರಾಂತಿ. 1994ರಿಂದ 97ರವರೆಗೆ ಅವರು ಮಾಡಿದ ಕೆಲಸದ ಗುರುತು ಅಮೆರಿಕದ ರಕ್ಷಣಾ ಇಲಾಖೆ ಕಡತಗಳಿಗಾಗಿ ಮಾಡಿದ ಮಾನದಂಡದಲ್ಲಿದೆ. 1999ರಲ್ಲಿ ಅವರದೇ ಮುಂದಾಳತ್ವದಲ್ಲಿ, ಎಲೆಕ್ಟ್ರಾನಿಕ್ ದಾಖಲೆಗಳನ್ನು ನಂಬುವ ಹಾಗೆ ಉಳಿಸುವುದು ಹೇಗೆ ಅಂತ ಹುಡುಕುವ ಇಂಟರ್‌ಪೇರ್ಸ್ ಎಂಬ ಯೋಜನೆ ಶುರುವಾಯಿತು. ಅದು ಹಲವು ದೇಶಗಳಿಗೆ ಹಬ್ಬಿತು, ಈಗ ಕೃತಕ ಬುದ್ಧಿಮತ್ತೆಯವರೆಗೂ ಬಂದಿದೆ.

ಆ ಯೋಜನೆಯಲ್ಲಿ ಸಿಕ್ಕ ಒಂದು ಉತ್ತರ ಮೊದಲು ಓದಿದಾಗ ತಲೆ ತಿರುಗಿತು. ಎಲೆಕ್ಟ್ರಾನಿಕ್ ದಾಖಲೆಯನ್ನು ಕಾಪಾಡಿ ಇಡಲು ಆಗುವುದೇ ಇಲ್ಲವಂತೆ, ಅದನ್ನು ಮತ್ತೆ ಮತ್ತೆ ಕಟ್ಟಿ ತೋರಿಸುವ ಸಾಮರ್ಥ್ಯವನ್ನು ಮಾತ್ರ ಕಾಪಾಡಬಹುದಂತೆ. ನಮ್ಮವರಿಗೆ ಇದು ಅರ್ಥವಾಗಲು ಯಕ್ಷಗಾನ ಸಾಕು. ಪ್ರಸಂಗದ ಪುಸ್ತಕ ಪೆಟ್ಟಿಗೆಯಲ್ಲಿದೆ ಅಂದರೆ ಆಟ ಪೆಟ್ಟಿಗೆಯಲ್ಲಿದೆ ಅಂತಲ್ಲ. ಭಾಗವತರು ಬೇಕು, ಚೆಂಡೆ ಮದ್ದಳೆ ಬೇಕು, ವೇಷ ಬೇಕು, ಆಗ ಆಟ ಆ ರಾತ್ರಿಗೆ ಹೊಸತಾಗಿ ಎದ್ದು ನಿಲ್ಲುತ್ತದೆ. ಫೈಲೂ ಹಾಗೆಯೇ, ಪ್ರತಿ ಸಲ ತೆರೆದಾಗ ಯಂತ್ರ ಅದನ್ನು ಹೊಸತಾಗಿ ಕಟ್ಟುತ್ತದೆ. ಭಾಗವತರೇ ಇಲ್ಲದ ಮೇಳದ ಹಾಗೆ, ಓದುವ ಸಾಫ್ಟ್‌ವೇರ್ ಹೋದ ಫ್ಲಾಪಿಗಳು ನನ್ನ ಕಪಾಟಿನಲ್ಲಿ ಇನ್ನೂ ಬಿದ್ದಿವೆ.

ಇನ್ನೊಂದು ಮಾತು ಕಟ್ಟಿನದು. ಒಂದು ದಾಖಲೆಗೆ ಅರ್ಥ ಬರುವುದು ಅದರ ಹಿಂದೆ ಮುಂದೆ ಯಾವ ದಾಖಲೆ ಇದೆ ಎಂಬುದರಿಂದ, ಆ ನಂಟು ಕಡಿದರೆ ಉಳಿಯುವುದು ಬರೀ ಮಾಹಿತಿ ಅಂತ ದುರಾಂತಿ ಹೇಳುತ್ತಾರೆ. ಅಜ್ಜನ ಹುರಿ ಮಾಡುತ್ತಿದ್ದದ್ದು ಆ ಕೆಲಸವನ್ನೇ. ನಾವು ಫೈಲಿಗೆ ಕಡತ ಅನ್ನುತ್ತೇವಲ್ಲ, ಹಳೇ ಕಡತ ಅಂದರೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಮಡಿಕೆ ಬಟ್ಟೆ, ಬಳಪದಲ್ಲಿ ಬರೆಯುವುದು. ಒರೆಸಿ ಮತ್ತೆ ಬರೆಯಬಹುದಿತ್ತು! ಆದರೂ ಜನ ನಂಬಿದರು. ಅದು ಯಾರ ಕೈಯಲ್ಲಿತ್ತು ಅಂತ ಊರಿಗೇ ಗೊತ್ತಿದ್ದದ್ದೇ ಕಾರಣ ಅಂತ ನನ್ನ ಅನಿಸಿಕೆ. ಈಗ ಆ ಜಾಗಕ್ಕೆ ಹ್ಯಾಶ್ ಬಂದಿದೆ, ಅಂದರೆ ಫೈಲಿನ ಬೆರಳಚ್ಚು, ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. 2024ರ ಜುಲೈ 1ಕ್ಕೆ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಿ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಸರ್ಟಿಫಿಕೇಟಿನಲ್ಲಿ ಈ ಹ್ಯಾಶ್ ಬರೆಯಬೇಕು.

ಕೇರಳದಲ್ಲಿ ಜಾಗದ ಡಿಜಿಟಲ್ ಸರ್ವೆ ನಡೆಯುತ್ತಿದೆ. ಅದರ 'ಎಂಡೆ ಭೂಮಿ', ಅಂದರೆ 'ನನ್ನ ಭೂಮಿ' ಎಂಬ ಜಾಗದ ದಾಖಲೆಗಳ ಪೋರ್ಟಲ್ 2024ರಲ್ಲಿ ಮೊದಲು ಪ್ರಯೋಗಕ್ಕೆ ಬಂದದ್ದು ನಮ್ಮ ಪಕ್ಕದ ಮಂಜೇಶ್ವರ ತಾಲೂಕಿನ ಉಜಾರು ಉಳುವಾರಿನಲ್ಲಿ. ಒಳ್ಳೆಯದೇ, ತಾಲೂಕು ಆಫೀಸಿಗೆ ಅಲೆಯುವುದು ಕಡಿಮೆಯಾದರೆ ಯಾರಿಗೆ ಬೇಡ? ಆದರೆ ಮನೆಯ ಹಳೇ ಕನ್ನಡ ಕಾಗದಗಳನ್ನು ಸುಮ್ನೆ ಒಲೆಗೆ ಹಾಕಬೇಡಿ ಮಾರಾಯ್ರೆ.

ನಾನು ಮಾತ್ರ ಹಾಳೆಗಳ ಮೇಲಿನ ಹುರಿಯ ಗುರುತು, ಮಡಿಕೆಯ ಗೆರೆ ನೋಡಿ ನೋಡಿ ಎರಡು ವಾರ ಕೂತು ಕಟ್ಟನ್ನು ಮತ್ತೆ ಮೊದಲಿನ ಕ್ರಮಕ್ಕೆ ತಂದೆ. ಪೆನ್ಸಿಲಿನಲ್ಲಿ ನಂಬ್ರ ಹಾಕಿ ಬೇರೆ ಅಂಗಡಿಗೆ ಹೋಗಿ, ಎದುರೂ ಹಿಂಬದಿಯೂ ಒಂದೂ ಬಿಡದೆ ಸ್ಕ್ಯಾನ್ ಮಾಡಲು ಹೇಳಿದೆ. ಕೆಲವು ಬೆನ್ನು ಪೂರ್ತಿ ಖಾಲಿ. "ಅಜ್ಜಾ, ಏನೂ ಬರೆಯದ ಹಾಳೆಗೂ ದುಡ್ಡು ಕೊಡ್ತೀರಾ?" ಅಂದ ಅಂಗಡಿಯ ಹುಡುಗ.

ಕೊಟ್ಟೆ.